ಆರಿದೊಲೆ ದಿನ್ನೆ

ಧಾರವಾಡದಿಂದ ಮೂಡಲಿಗೆ, ಎರೆಭೂಮಿಯ ನಡುವೆ ಹಾಯುವ ಬಸ್ಸು ಎಳ್ಳಿಗೊಪ್ಪದ ಅಗಸಿಬಾಗಿಲ ಹತ್ತಿರ ಅರೆಗಳಿಗೆ ನಿಂತು ಮುಂದಕ್ಕೆ ಹೋಗುತ್ತದೆ. ಇಳಿಯುವವರು ಕಡಿಮೆ. ಇಳಿದವರು ಊರಿಗೆ ಬೆನ್ನುಮಾಡಿ ಬಡಗಲಿಗೆ ನೋಡಿದರೆ ಒಂದು ದಿನ್ನೆ ಕಾಣುತ್ತದೆ. ಗುಡ್ಡ ಎನ್ನುವಷ್ಟು ಎತ್ತರವೇನಿಲ್ಲ. ಸುತ್ತಲಿನ ನೆಲ ಅಂಗೈಯಂತೆ ಸಪಾಟಾಗಿರುವುದರಿಂದ ಇದ್ದಷ್ಟೇ ಎತ್ತರ ದೊಡ್ಡದಾಗಿ ತೋರುತ್ತದೆ. ಮೇಲೆ ಒಂದು ಮುದಿ ಬೇವಿನಮರ, ಮೊಣಕಾಲೆತ್ತರಕ್ಕೆ ಉಳಿದ ಕಲ್ಲುಗೋಡೆ, ಗೋಡೆಗೆ ಆತು ಕುಳಿತಂತೆ ಒಂದು ಮಣ್ಣಿನ ಗುಮ್ಮಟ. ಹೊಸಬರು ಅದನ್ನು ಹುತ್ತ ಎಂದುಕೊಳ್ಳುತ್ತಾರೆ. ಯಾರದೋ ಗದ್ದುಗೆಯೆಂದು ಚಪ್ಪಲಿ ಬಿಟ್ಟು ಕೈಮುಗಿದವರೂ ಉಂಟು. ಅದು ಒಲೆ. ಅದರ ಹೊಟ್ಟೆ ಬೆಂಕಿ ಕಾಣದೆ ಆರು ತಲೆಮಾರು ಕಳೆದವು ಎನ್ನುತ್ತಾರೆ. ಆದರೂ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಊರಿನ ಹೆಣ್ಣುಮಕ್ಕಳು ಹೋಗಿ ಅದಕ್ಕೆ ಹೊಸ ಮಣ್ಣು ಮೆತ್ತಿ ಬರುತ್ತಾರೆ. ಆ ದಿನ್ನೆಗೆ ಆರಿದೊಲೆ ದಿನ್ನೆ ಎಂದೇ ಹೆಸರು.

ಹಿಂದೆ ಒಮ್ಮೆ, ಈ ಸೀಮೆಗೆ ಇನ್ನೂ ರೈಲು ಬಾರದ ಕಾಲದಲ್ಲಿ, ಜರ್ಮನ್ ದೇಶದಿಂದ ಯಾಕೋಬ ಎಂಬ ಪಾದ್ರಿ ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದ. ಊರೊಳಗೆ ಜಾಗ ಸಿಗಲಿಲ್ಲ. ಯಾರೂ ಉಳದ ಆ ದಿನ್ನೆ ಸಿಕ್ಕಿತು. ಅಲ್ಲಿ ಹೆಂಚಿನ ಮನೆ ಎದ್ದಿತು, ಮನೆಯ ಮಗ್ಗುಲಿಗೆ ಪುಟ್ಟ ದೇವಾಲಯ ಎದ್ದಿತು. ಪಾದ್ರಿಯನ್ನು ಜನ ಅಯ್ಯಗಳು ಎಂದರು. ಅವನ ಹೆಂಡತಿ ಮಗ್ದಲೇನಾ ಅವರ ಬಾಯಲ್ಲಿ ಮಗ್ದಾಲಮ್ಮ ಆದಳು. ಆಕೆ ಕನ್ನಡ ಕಲಿತದ್ದು ಪುಸ್ತಕದಿಂದ. 'ನೀರನ್ನು ದಯಪಾಲಿಸಿರಿ' ಎಂದು ಆಕೆ ಕೇಳಿದರೆ ಬಾವಿಕಟ್ಟೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಅಮ್ಮಾರು ಹಾಳೆಯೊಳಗಿಂದ ಎದ್ದು ಬಂದಂಗ ಮಾತಾಡ್ತಾರ ಎಂದು.

ಆ ಮನೆಯ ಗೋಡೆಗೆ ಅಯ್ಯಗಳು ತಮ್ಮ ಕೈಯಾರೆ ಬರೆದ ಒಂದು ಪಟ್ಟಿ ತೂಗುತ್ತಿತ್ತು. ಬೆಳಗಿನ ಗಂಟೆ, ಪ್ರಾರ್ಥನೆ, ಅಂಬಲಿ. ಸೋಮವಾರ ಬಟ್ಟೆ ಒಗೆಯುವುದು, ಮಂಗಳವಾರ ವಾರದ ರೊಟ್ಟಿ ಸುಡುವುದು, ಬುಧವಾರ ಹುಡುಗಿಯರಿಗೆ ಹೊಲಿಗೆ, ಗುರುವಾರ ಮದ್ದು ಕೊಡುವುದು, ಶುಕ್ರವಾರ ಸಭೆಯವರ ಮನೆಮನೆಗೆ ಹೋಗಿ ಬರುವುದು. ಹಡಗಿನಿಂದ ಇಳಿದಂದಿನಿಂದ ಮಗ್ದಲೇನಾ ಆ ಪಟ್ಟಿಯನ್ನು ಹಿಡಿದೇ ಬದುಕಿದ್ದಳು. ಗುಮ್ಮಟದ ಒಲೆಯನ್ನು ಹಾಕಿಸಿದ್ದೂ ಆಕೆಯೇ. ಹಿಟ್ಟಿಗೆ ಸಿಂದಿಯ ಹುಳಿ ಬೆರೆಸಿ, ರಾತ್ರಿ ಉಬ್ಬಲು ಬಿಟ್ಟು, ಬೆಳಿಗ್ಗೆ ದಪ್ಪ ದಪ್ಪ ರೊಟ್ಟಿ ಸುಡುತ್ತಿದ್ದಳು. ಸಿಂದಿ ಕುಡಿಯಬೇಡಿರೆಂದು ಅಗಸಿಯಲ್ಲಿ ನಿಂತು ಸಾರುವ ಅಯ್ಯಗಳು ಮನೆಗೆ ಹೋಗಿ ಸಿಂದಿಯನ್ನು ಜಗಿದು ತಿನ್ನುತ್ತಾರೆ ಎಂಬುದು ಊರಿನ ಹಳೆಯ ಚೇಷ್ಟೆ.

ಮಕ್ಕಳು ಮಾತ್ರ ಆ ನೆಲಕ್ಕೆ ಒಗ್ಗಲಿಲ್ಲ. ಮೂರು ವರ್ಷದ ಲೀನಾ ಒಂದು ಬೇಸಿಗೆಯಲ್ಲಿ ಹೋದಳು, ಮರುಬೇಸಿಗೆಗೆ ಹನ್ನೊಂದು ತಿಂಗಳ ಗಿಯೋರ್ಗ ಹೋದ. ಬೇವಿನಮರದ ಕೆಳಗೆ ಎರಡು ಕಲ್ಲು ನೆಡಬೇಕೆಂದು ಅಯ್ಯಗಳು ಕಲ್ಲುಕುಟಿಗನಿಗೆ ಹೇಳಿ ಊರೂರು ತಿರುಗಲು ಹೋದರು. ಕಲ್ಲುಕುಟಿಗ ಒಂದು ಹಾಸುಗಲ್ಲಿನಿಂದ ಮೂರು ಒಡೆದು ತಂದಿದ್ದ, ಮೂರನ್ನೂ ಸಾಲಾಗಿ ನೆಟ್ಟು ಹೋದ. ಹೆಚ್ಚಿನದನ್ನು ಕಿತ್ತೊಯ್ಯೆಂದು ಮಗ್ದಲೇನಾ ಹೇಳಿಕಳಿಸಿದರೆ, ಸಮಾಧಿಗೆಂದು ತಂದ ಕಲ್ಲನ್ನು ತಿರುಗಿ ಮನೆಗೆ ಒಯ್ಯಬಾರದು, ನಮ್ಮಲ್ಲಿ ಅದು ಛಲೋ ಅಲ್ಲ ಎಂದ. ಅಯ್ಯಗಳು ಬಂದು, ಕಲ್ಲು ಕಲ್ಲೇ, ಇರಲಿ ಬಿಡು ಎಂದರು. ಅವರಿಗೆ ಅದು ಕಲ್ಲು. ಅಡಿಗೆಮನೆಯ ಕಿಟಕಿ ತೆರೆದರೆ ಎದುರಿಗೇ ನಿಲ್ಲುವ ಆ ಮೂರನೆಯದರಲ್ಲಿ ಅಕ್ಷರವಿರಲಿಲ್ಲ. ಆ ಕಾಲಕ್ಕೆ ಅವಳ ಮಡಿಲಲ್ಲಿ ಮೂರನೆಯ ಕೂಸು ಯೋಹಾನ್ನನಿದ್ದ. ಹೆರಿಗೆಯ ಜ್ವರದಲ್ಲಿ ಅವಳ ಎದೆಹಾಲು ಬತ್ತಿ ಹೋಗಿತ್ತು. ಕೂಸು ಊರಿನ ಎಮ್ಮೆಯ ಹಾಲಿನ ಮೇಲೆ ಉಸಿರು ಹಿಡಿದಿತ್ತು.

ಆ ಹಾಲು ತರುತ್ತಿದ್ದವಳು ಭರಮವ್ವ ಎಂಬ ವಿಧವೆ. ಅವಳು ಒಂದು ಕಾಲಕ್ಕೆ ದೇವಾಲಯಕ್ಕೆ ಸೇರಿ ರೆಬೆಕ್ಕ ಎಂದು ಹೆಸರು ಪಡೆದವಳು. ಹಿಂದಿನ ವರ್ಷ ಅವಳ ಮಗಳಿಗೆ ಸಿಡುಬು ಎದ್ದಿತ್ತು. ಅಮ್ಮ ಬಂದ ಮನೆಯಲ್ಲಿ ಮಂಗಳವಾರ ಒಲೆ ಹೊತ್ತಿಸಬಾರದೆಂಬ ಊರ ಕಟ್ಟಳೆಯನ್ನು ಭರಮವ್ವ ಹೆದರಿ ನಡೆಸಿದಳು. ಪಟ್ಟಿಯಲ್ಲಿ ಶುಕ್ರವಾರವೆಂದು ಬರೆದಿದ್ದರೂ, ಮಗುವಿಗೆ ಹೇಗಿದೆಯೋ ಎಂಬ ಕನಿಕರಕ್ಕೆ ಮಗ್ದಲೇನಾ ಆ ಮಂಗಳವಾರವೇ ಅವಳ ಮನೆಗೆ ಹೋಗಿದ್ದಳು. ಮಗುವಿಗೆ ಗಂಜಿ ಕಾಸೋಣವೆಂದು ಒಲೆಗೆ ಕೈಯಿಟ್ಟಳು. ತಣ್ಣಗಿತ್ತು. ರಾತ್ರಿ ಊಟಕ್ಕೆ ಕುಳಿತಾಗ, ಪಾಪ, ರೆಬೆಕ್ಕಳ ಮನೆಯಲ್ಲಿ ಒಲೆಯೇ ಹೊತ್ತಿರಲಿಲ್ಲ ಎಂದು ಗಂಡನ ಮುಂದೆ ಮರುಗಿದಳು. ಅವಳು ಅಂದದ್ದು ಬಡತನವೆಂದು ತಿಳಿದು. ಅಯ್ಯಗಳಿಗೆ ತಿಳಿದದ್ದು ಬೇರೆ, ರೆಬೆಕ್ಕ ಮತ್ತೆ ಅಮ್ಮನ ನೇಮ ಹಿಡಿದಳೆಂದು. ಬರುವ ಭಾನುವಾರವೇ ರೆಬೆಕ್ಕಳ ಹೆಸರು ಕರಿಯ ರಟ್ಟಿನ ಪುಸ್ತಕದಲ್ಲಿ ಹೊರಗಾದವರ ಹಾಳೆಗೆ ಸೇರಿತು, ದೇವಾಲಯದೊಳಗೆ ಎಲ್ಲರ ಮುಂದೆ ಅದನ್ನು ಓದಿದ್ದೂ ಆಯಿತು. ಮಗಳು ಬದುಕಿದಳು, ಹೆಸರು ಹೋಯಿತು. ಊರಿನವರು ಅವಳನ್ನು ಅರೆಮನಸ್ಸಿನಿಂದ ಮರಳಿ ಸೇರಿಸಿಕೊಂಡರು. ಇಷ್ಟಾದರೂ ಹಾಲು ಒಂದು ದಿನವೂ ತಪ್ಪಲಿಲ್ಲ. ಅವಳು ಬಾಗಿಲಲ್ಲಿ ತಂಬಿಗೆ ಇಟ್ಟು ಹಾಗೇ ಇಳಿದು ಹೋಗುತ್ತಿದ್ದಳು.

ಮೂರನೆಯ ಬೇಸಿಗೆಗೆ ಊರಿಗೆ ವಾಂತಿಭೇದಿ ಬಂತು. ಜನ ಅದನ್ನು ಗಾಳಿ ಎನ್ನುತ್ತಿದ್ದರು. ಬೆಳಿಗ್ಗೆ ಕಣ ಮಾಡುತ್ತಿದ್ದವನನ್ನು ಸಂಜೆಗೆ ಹೊತ್ತೊಯ್ಯುವಂತಾಯಿತು. ಊರ ಹಿರಿಯ ನೀಲನಗೌಡ ಚಾವಡಿಯಲ್ಲಿ ಕುಳಿತು ಐದು ಮಂಗಳವಾರ ಬಿಡಬೇಕೆಂದು ಸಾರಿಸಿದ. ಆ ದಿನ ನೇಗಿಲು ಹೂಡಬಾರದು, ಬೀಸುವ ಕಲ್ಲು ತಿರುಗಬಾರದು, ಊರ ಸೀಮೆಯೊಳಗೆ ಹೊಗೆ ಏಳಬಾರದು. ಹಿಂದಿನ ದಿನದ ತಂಗಳನ್ನೇ ತಿನ್ನಬೇಕು. ಒಂದು ಒಲೆ ಹೊತ್ತಿದರೂ ಉಳಿದವರ ನೇಮ ಮಣ್ಣುಗೂಡುತ್ತದೆ ಎಂಬುದು ನಂಬಿಕೆ. ದಿನ್ನೆಗೂ ಹೇಳಿಕಳಿಸಿದರು. ದೇವಾಲಯದ ಉಪದೇಶಿ ಸಮುವೇಲಪ್ಪ ಈ ಮಾತು ತಂದಾಗ ಅಯ್ಯಗಳು ಗೋಡೆಯ ಪಟ್ಟಿ ತೋರಿಸಿ, ಮಂಗಳವಾರ ರೊಟ್ಟಿ ಸುಡುವ ದಿನ, ಸುಡಲಿ ಎಂದರಂತೆ. ಮೊದಲ ಮಂಗಳವಾರ ಇಡೀ ಊರು ತಣ್ಣಗೆ ಕುಳಿತು ನೋಡುತ್ತಿದ್ದಂತೆ ದಿನ್ನೆಯ ಮೇಲಿಂದ ಹೊಗೆ ಕಂಬದ ಹಾಗೆ ಎದ್ದಿತು. ಅಂದು ಊರಿನಲ್ಲಿ ಏಳು ಹೆಣ ಬಿದ್ದವು.

ಮರುದಿನ ಬೆಳಿಗ್ಗೆ ಅಯ್ಯಗಳು ಮದ್ದು ತರಲು ಧಾರವಾಡಕ್ಕೆ ಗಾಡಿ ಕಟ್ಟಿದರು. ಹೋಗಿ ಬರಲು ವಾರ ಬೇಕು. ಗಾಡಿ ಹಳ್ಳ ದಾಟಿತೋ ಇಲ್ಲವೋ, ದಿನ್ನೆಗೆ ನೀರು ಹೊರುವವನು ಬರಲಿಲ್ಲ. ಹಾಲಿನ ತಂಬಿಗೆಯೂ ಬರಲಿಲ್ಲ. ದಿನ್ನೆ ಹತ್ತಿದವರಿಗೆ ಊರಿನ ಬಾವಿಯಿಲ್ಲ, ಊರಿನ ಬೆಂಕಿಯಿಲ್ಲ ಎಂದು ಗೌಡ ಕಟ್ಟುಮಾಡಿದ್ದ. ಸಮುವೇಲಪ್ಪ ಹಳ್ಳದ ಒರತೆಯಿಂದ ದಿನಕ್ಕೆ ಎರಡು ಕೊಡ ಹೊತ್ತು ತಂದ. ಮಗ್ದಲೇನಾ ಅಕ್ಕಿಯ ಗಂಜಿ ಸೋಸಿ ಕುಡಿಸಿದಳು, ಕೂಸು ಕಾರಿತು. ಬೆಲ್ಲದ ನೀರು ಹಾಕಿದಳು, ಅದನ್ನೂ ಕಾರಿತು. ಬುಧವಾರ ಕಿರುಚಿ ಅತ್ತ ಕೂಸು ಶುಕ್ರವಾರಕ್ಕೆ ನರಳಿತು, ಭಾನುವಾರಕ್ಕೆ ಬರೀ ಬಾಯಿ ತೆರೆದು ಮುಚ್ಚಿತು. ನೆತ್ತಿಯ ಸುಳಿ ಕುಳಿ ಬಿತ್ತು. ಅಷ್ಟರ ನಡುವೆಯೂ ಅವಳು ಪಟ್ಟಿಯಲ್ಲಿದ್ದ ಹೊತ್ತಿಗೆ ಗಂಟೆ ಬಾರಿಸಿದಳು, ಪ್ರಾರ್ಥನೆ ಹೇಳಿದಳು, ಸೋಮವಾರ ಬಟ್ಟೆಗೆ ನೀರಿಲ್ಲದಿದ್ದರೂ ಬಟ್ಟೆಯ ಗಂಟನ್ನು ಒಗೆಯುವ ಕಲ್ಲಿನ ಹತ್ತಿರ ಒಯ್ದಿಟ್ಟಳು. ಇಟ್ಟು ತಲೆಯೆತ್ತಿದರೆ ಎದುರಿಗೆ ಮೂರನೆಯ ಕಲ್ಲು.  ಗಂಟನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ, ಕೂಸನ್ನು ಸೆರಗಿನಂತೆ ಹೊದ್ದ ಚಾದರಿನಲ್ಲಿ ಕಟ್ಟಿಕೊಂಡು, ಉರಿಬಿಸಿಲಲ್ಲಿ ದಿನ್ನೆ ಇಳಿದಳು.

ಭರಮವ್ವ ಅಂಗಳದಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಮಗ್ದಲೇನಾ ಬೇಲಿಯ ಆಚೆಗೇ ನಿಂತಳು. ಕಲಿತ ಕನ್ನಡದಲ್ಲೆಲ್ಲ ಹಾಲು ಎಂಬ ಒಂದು ಮಾತು ಮಾತ್ರ ಬಂತು. ಭರಮವ್ವ ತಿರುಗಿ ಅವಳ ಮುಖ ನೋಡಲಿಲ್ಲ, ಕೈಗಳನ್ನು ನೋಡಿದಳು.

"ನಮ್ಮ ಒಲಿ ಮುಟ್ಟಿ ನೋಡಿದ ಕೈ ಅಲ್ಲೇನ್ರಿ ಅಮ್ಮಾರ ಅದು?"

 ತಾನು ಚಾಡಿ ಹೇಳಲಿಲ್ಲ, ಮರುಗಿ ಹೇಳಿದೆ ಎಂದು ಎಷ್ಟೋ ರಾತ್ರಿ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡ ಮಾತನ್ನು ಬದಿಗಿಟ್ಟು, ಮಗ್ದಲೇನಾ ಚಾದರು ಸರಿಸಿ ಕೂಸಿನ ಮುಖ ತೋರಿಸಿದಳು. ಭರಮವ್ವ ಹತ್ತಿರ ಬಂದು ಕೂಸಿನ ನೆತ್ತಿಯ ಮೇಲೆ ಬೆರಳಿಟ್ಟು ಕುಳಿಯ ಆಳ ನೋಡಿದಳು.

"ಇವತ್ತ ಹಾಲು ಹಾಕಿದ್ರ ನನ್ನ ಊರಾಗ ಇಡಂಗಿಲ್ಲ," ಎಂದಳು. "ನಿಮ್ಮ ಗುಡಿಯಿಂದ ಒಮ್ಮೆ ಹೊರಗ ಬಿದ್ದೇನಿ, ಇನ್ನೊಮ್ಮೆ ಬೀಳಾಕ ಜಾಗ ಇಲ್ಲ. ನಾಳಿ ಮಂಗಳವಾರ. ಒಲಿ ಒಂದು ಆರಸ್ರಿ. ಕೈ ಮುಗೀರಿ ಅನ್ನಂಗಿಲ್ಲ, ಕಾಯಿ ಒಡೀರಿ ಅನ್ನಂಗಿಲ್ಲ. ಹೊಗಿ ಕಾಣದಿದ್ರ ಗೌಡರ ಮುಂದ ನಾ ಮಾತಾಡ್ತೀನಿ."

ಮರುಬೆಳಿಗ್ಗೆ ಮಗ್ದಲೇನಾ ಎದ್ದು ಬರುವಷ್ಟರಲ್ಲಿ ಸಮುವೇಲಪ್ಪ ಒಲೆ ಹೊತ್ತಿಸಿದ್ದ. ಅವನು ಕೆಟ್ಟವನಲ್ಲ, ಅಯ್ಯಗಳ ಅಪ್ಪಣೆ ಮೀರಿ ಗೊತ್ತಿಲ್ಲದವನು. ಆರಿಸು ಎಂದರೆ ಕೈ ಹಿಸುಕಿಕೊಂಡ. ಅಯ್ಯಗಳು ಬಂದರೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕಾಗುತ್ತದೆ, ರೆಬೆಕ್ಕಳಿಗೆ ಆದದ್ದು ಅಮ್ಮಾರಿಗೂ ಆಗುತ್ತದೆ ಎಂದು ತಲೆ ತಗ್ಗಿಸಿದ. ಮಗ್ದಲೇನಾಳಿಗೆ ಅದು ಗೊತ್ತಿತ್ತು. ಅದಕ್ಕಿಂತ ಹೆಚ್ಚಿನದೂ ಗೊತ್ತಿತ್ತು: ಒಲೆ ಆರಿಸಿದರೆ ತಾನು ಸಮುದ್ರ ದಾಟಿ ಬಂದದ್ದು, ಎರಡು ಮಕ್ಕಳನ್ನು ಈ ಮಣ್ಣಿಗೆ ಕೊಟ್ಟದ್ದು, ಎಲ್ಲ ಏತಕ್ಕೆ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಮನೆಯಲ್ಲಿ ಒಂದೇ ಕೊಡ ನೀರಿತ್ತು. ಅದನ್ನು ಎತ್ತಿ ತಂದು ಒಲೆಯ ಬಾಯಿಗೆ ಪೂರ್ತಿ ಸುರಿದಳು. ಬುಸ್ಸೆಂದು ಬಿಳಿಯ ಹಬೆ ಎದ್ದು ಬೇವಿನಮರವನ್ನು ಮುಚ್ಚಿತು. ಊರಿನವರು ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದರು. ಹಬೆ ಹರಿದ ಮೇಲೆ ದಿನ್ನೆಯ ಮೇಲೆ ಬರೀ ಆಕಾಶವಿತ್ತು.

ಹೊತ್ತು ಮಾರುದ್ದ ಏರುವಷ್ಟರಲ್ಲಿ ಭರಮವ್ವ ಗೌಡನನ್ನು ಒಪ್ಪಿಸಿ ಬಂದಳು. ತಂಬಿಗೆಯಲ್ಲ, ಎಮ್ಮೆಯನ್ನೇ ಹೊಡೆದುಕೊಂಡು ಬಂದಳು. ಬೆಂಕಿಯಿಲ್ಲದ ದಿನ ಹಾಲು ಕಾಸುವುದಕ್ಕೆ ಬರುವುದಿಲ್ಲ, ತಣ್ಣನೆಯ ಹಾಲು ಈ ಕೂಸಿಗೆ ತಡೆಯುವುದಿಲ್ಲ, ಕೆಚ್ಚಲಿನ ಬಿಸಿ ಆರುವ ಮುಂಚೆ ಕುಡಿಸಬೇಕು ಎಂಬುದು ಅವಳ ಲೆಕ್ಕ. ಹೊಸ ಜಾಗಕ್ಕೆ ಬೆದರಿದ ಎಮ್ಮೆ ನಿಲ್ಲಲೊಲ್ಲದು. ಸುತ್ತ ನೋಡಿದಳು, ಒಂದು ಗೂಟವಿಲ್ಲ. ಬೇವಿನ ಬುಡ ಹಗ್ಗಕ್ಕೆ ದಪ್ಪವಾಯಿತು. ಕೊನೆಗೆ ಅಕ್ಷರವಿಲ್ಲದ ಆ ಮೂರನೆಯ ಕಲ್ಲಿಗೆ ಹಗ್ಗ ಸುತ್ತಿ ಬಿಗಿದಳು. ಮಗ್ದಲೇನಾ ಕೂಸನ್ನು ಎದೆಗೆ ಅವುಚಿಕೊಂಡಳು. ಭರಮವ್ವ ಅದನ್ನು ಕಂಡಳು.

"ನೆಟ್ಟ ಕಲ್ಲು ಸುಮ್ಮನ ಕಾಯ್ಕೋತ ನಿಂದ್ರಬಾರದ್ರಿ ಅಮ್ಮಾರ," ಎಂದಳು. "ಹಿಂಗಾರ ಇದಕ್ಕೊಂದು ಕೆಲಸ ಆತು."

ಅರಳೆಯ ಬತ್ತಿಯನ್ನು ನೊರೆಹಾಲಿನಲ್ಲಿ ಅದ್ದಿ ಕೂಸಿನ ತುಟಿಗೆ ಹಿಂಡಿದರು. ಮೊದಲ ಹನಿಗಳು ಕಟವಾಯಿಯಿಂದ ಇಳಿದು ಹೋದವು. ಎಷ್ಟನೆಯ ಹನಿಗೋ ಗಂಟಲು ಮಿಸುಕಿತು.  ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ಸಣ್ಣ ದನಿ, ಆದರೂ ಅಗಸಿಯವರೆಗೆ ಕೇಳಿತು ಎಂದು ಈಗಲೂ ಹೇಳುತ್ತಾರೆ.

ಇಳಿಹೊತ್ತಿಗೆ ಅಯ್ಯಗಳ ಗಾಡಿ ಬಂತು. ಮದ್ದಿನ ಪೆಟ್ಟಿಗೆ ಇಳಿಸುವ ಮುಂಚೆಯೇ ಅವರು ಒಲೆಯ ಹತ್ತಿರ ಹೋಗಿ ಗುಮ್ಮಟಕ್ಕೆ ಅಂಗೈ ಇಟ್ಟರು. ತಣ್ಣಗಿತ್ತು. ಸಮುವೇಲಪ್ಪ ಬಾಯಿ ತೆರೆಯುವ ಮುಂಚೆ ಮಗ್ದಲೇನಾ ಕೂಸನ್ನೆತ್ತಿಕೊಂಡು ಎದುರಿಗೆ ನಿಂತಳು. ಗಂಡನೊಡನೆ ಎಂದೂ ತಮ್ಮ ದೇಶದ ಮಾತನ್ನೇ ಆಡುತ್ತಿದ್ದವಳು ಅಂದು ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದಳಂತೆ: "ನಾನೇ ಆರಿಸಿದೆನು. ಪುಸ್ತಕವನ್ನು ತೆಗೆಯಿರಿ. ರೆಬೆಕ್ಕಳ ಹೆಸರಿನ ಕೆಳಗೆ ಜಾಗವಿದೆ."

ಅಯ್ಯಗಳು ಮದ್ದನ್ನು ಅಂದೇ ಊರಲ್ಲಿ ಹಂಚಿಸಿದರು. ಗಾಳಿ ಇಳಿದದ್ದು ನೇಮದಿಂದ ಎಂದು ಊರಿನವರೂ, ಮದ್ದಿನಿಂದ ಎಂದು ಸಮುವೇಲಪ್ಪನ ಪೀಳಿಗೆಯವರೂ ಇವತ್ತಿಗೂ ವಾದಿಸುತ್ತಾರೆ. ಆದರೆ ಭಾನುವಾರ ಅಯ್ಯಗಳು ಪುಸ್ತಕ ತೆಗೆದರು. ಕೂಸಿನ ಮುಖ ನೋಡಿ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದವರಿಗೆ ಅವರ ಸ್ವಭಾವ ಗೊತ್ತಿರಲಿಲ್ಲ. ಭರಮವ್ವನಿಗೊಂದು, ತಮ್ಮ ಹೆಂಡತಿಗೊಂದು ಎಂದು ಎರಡು ನ್ಯಾಯ ಮಾಡುವ ಮನುಷ್ಯ ಅವರಲ್ಲ. ಹೆಂಡತಿಯ ಹೆಸರನ್ನು ಓದಿದರು. ಎರಡನೆಯ ಅಕ್ಷರಕ್ಕೆ ದನಿ ಹೋಯಿತು, ಮತ್ತೆ ಮೊದಲಿನಿಂದ ಓದಿದರು. ಮಗ್ದಲೇನಾ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಹಾಲು ಹಿಂಡಲು ಎಮ್ಮೆ ಹೊಡೆದುಕೊಂಡು ಬಂದಿದ್ದ ಭರಮವ್ವ ಅದನ್ನು ಕಂಡು, ಬಂದು, ಪಕ್ಕದಲ್ಲಿ ಕುಳಿತಳು. ರೆಬೆಕ್ಕಳ ಹೆಸರು ಅಳಿಸುವ ತನಕ ಈ ಒಲೆ ಹೊತ್ತುವುದಿಲ್ಲ ಎಂದು ಮಗ್ದಲೇನಾ ಅಂದೇ ಹೇಳಿದಳು. ಅಯ್ಯಗಳು ಅಳಿಸಲಿಲ್ಲ. ಎರಡು ವರ್ಷ ದಿನ್ನೆಯ ಮೇಲೆ ಹೊಗೆ ಏಳಲಿಲ್ಲ. ಊರಿನ ಮನೆಗಳಲ್ಲಿ ದಿನಕ್ಕೊಂದು ಮನೆಯಂತೆ ನಾಲ್ಕು ಜೋಳದ ರೊಟ್ಟಿ ಹೆಚ್ಚಿಗೆ ಬಡಿದು ಮೇಲಕ್ಕೆ ಕಳಿಸಿದರು. ಅಯ್ಯಗಳೂ ಅದನ್ನೇ ತಿಂದರು. ಅಷ್ಟು ಮಾತ್ರ ಬದಲಾಯಿತು. ಇನ್ನೊಂದು ಬದಲಾದದ್ದನ್ನೂ ಹೇಳುತ್ತಾರೆ: ಪ್ರಾರ್ಥನೆಯ ಹೊತ್ತಿಗೆ ದೇವಾಲಯದ ಬಾಗಿಲು ಮುಚ್ಚುವುದನ್ನು ಅವರು ಬಿಟ್ಟರು. ಒಳಗಿನ ದನಿ ಮಗ್ದಲೇನಾ ಕೂರುವ ಮೆಟ್ಟಿಲವರೆಗೆ ಬರುತ್ತಿತ್ತು. ಆಮೇಲೆ ಅವರಿಗೆ ಬೇರೆ ಸೀಮೆಗೆ ವರ್ಗವಾಗಿ, ನಡೆಯಲು ಕಲಿತಿದ್ದ ಯೋಹಾನ್ನನನ್ನು ಕರೆದುಕೊಂಡು ಗಾಡಿ ಹತ್ತಿದರು. ಅವನು ಮುಂದೆ ಏನಾದನೋ ಊರಿಗೆ ಗೊತ್ತಿಲ್ಲ.

ದೇವಾಲಯದ ಹೆಂಚು ಎಂದೋ ಬಿದ್ದುಹೋಯಿತು. ಈಗ ಹೋದರೆ ಮಂಗಳವಾರ ಬೆಳಿಗ್ಗೆ ಎಳೆಯ ಬಾಣಂತಿಯರು ಆ ಒಲೆಯ ಬಾಯೊಳಗೆ ಒಂದು ಬಟ್ಟಲು ಕಾಸದ ಹಾಲಿಟ್ಟು, ಕೂಸನ್ನು ಗುಮ್ಮಟದ ತಣ್ಣನೆಯ ಬೆನ್ನಿಗೆ ಒಂದು ಗಳಿಗೆ ತಾಗಿಸಿಕೊಂಡು ಹೋಗುವುದು ಕಾಣುತ್ತದೆ. ಬೇವಿನ ಕೆಳಗೆ ಮೂರು ಕಲ್ಲುಗಳಿವೆ. ಎರಡರ ಮೇಲೆ ಯಾರಿಗೂ ಓದಲು ಬಾರದ ಅಕ್ಷರಗಳು ಸವೆದುಕೊಂಡಿವೆ. ಮೂರನೆಯದರ ಮೇಲೆ ಬರವಣಿಗೆ ಇಲ್ಲ. ಅದರ ಕುತ್ತಿಗೆಯ ಸುತ್ತ, ಬೆರಳು ಮುಳುಗುವಷ್ಟು ಆಳಕ್ಕೆ, ಹಗ್ಗ ಸವೆಸಿದ ಗೆರೆ ಇದೆ. ಭರಮವ್ವನ ಮಗಳ ಪೀಳಿಗೆಯವರು ಮಧ್ಯಾಹ್ನದ ನೆರಳಿಗೆ ತಮ್ಮ ಎಮ್ಮೆಯನ್ನು ಇವತ್ತಿಗೂ ಅದಕ್ಕೇ ಕಟ್ಟುತ್ತಾರೆ.