ಕೂಗು ಬಾರದ ದಿನ

“ಗುರುಗಳೇ, ನಾನು ಹಿಡಿದ ವ್ರತ ನನ್ನದು. ನಡೆಸಿದರೆ ಫಲ ನನಗೆ, ತಪ್ಪಿದರೆ ಪಾಪವೂ ನನಗೆ. ಇದರಲ್ಲಿ ಇನ್ನೊಬ್ಬರಿಗೆ ಆಗುವುದೇನು?”

ಹೀಗೆ ಕೇಳಿದವನು ಮುರಿಗೆಪ್ಪ. ಅವನು ಮಠಕ್ಕೆ ಬಂದು ಎಂಟು ತಿಂಗಳಾಗಿತ್ತು. ಒಂದು ವರ್ಷ ಮಠದ ಹೊಸ್ತಿಲು ದಾಟುವುದಿಲ್ಲ ಎಂದು ವ್ರತ ಹಿಡಿದಿದ್ದ. ಹಿಡಿದ ವ್ರತವನ್ನು ಹೊರಗಿನವರಿಗೆ ಹೇಳಿಕೊಳ್ಳಬಾರದು ಎಂಬ ಕಟ್ಟನ್ನೂ ಪಾಲಿಸುತ್ತಿದ್ದ.

ಆ ದಿನ ಬೆಳಿಗ್ಗೆ ಅವನ ತಂಗಿಯ ಗಂಡ ದೂರದ ಊರಿನಿಂದ ನಡೆದು ಬಂದಿದ್ದ. ಬಸುರಿ ತಂಗಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ನಡೆಯುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದಕ್ಕೆ ತವರಿನವರೇ ಬಂದು ಕರೆದುಕೊಂಡು ಹೋಗಬೇಕು. ಅವರಲ್ಲಿ ಅದು ಮೊದಲಿನಿಂದ ನಡೆದು ಬಂದ ಪದ್ಧತಿ. ತಂದೆತಾಯಿ ಇರಲಿಲ್ಲ. ಬಾಣಂತನ ಮಾಡಲು ಊರಿನಲ್ಲಿ ದೊಡ್ಡಮ್ಮ ಇದ್ದಳು, ಕರೆಯಲು ಹೋಗಬೇಕಾದವನು ಅಣ್ಣ ಒಬ್ಬನೇ. ಕರೆಯಲು ಯಾರೂ ಬಾರದೆ ಸೊಸೆಯನ್ನು ಹೊರಡಿಸಲು ಅತ್ತೆ ಒಪ್ಪುತ್ತಿರಲಿಲ್ಲ. ತಂಗಿಯ ಗಂಡ ಇದನ್ನೆಲ್ಲ ಹೊಸ್ತಿಲಿನ ಆಚೆ ನಿಂತು ಹೇಳಿದ. ಮುರಿಗೆಪ್ಪ ಈಚೆ ನಿಂತು ಕೇಳಿದ. ಬಂದವನಿಗೆ ನೀರು ಕೊಟ್ಟ, ರೊಟ್ಟಿ ಕೊಟ್ಟ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಆತ ಮಧ್ಯಾಹ್ನದವರೆಗೆ ಕಾದು ಹೊರಟುಹೋದ.

ಗುರುಗಳು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಹೊಸ್ತಿಲಿನ ಮಾತೆಲ್ಲ ಅವರ ಕಿವಿಗೂ ಬಿದ್ದಿತ್ತು. ಪ್ರಶ್ನೆ ಕೇಳಿ ತಲೆ ಎತ್ತಲಿಲ್ಲ. ಎದುರಿಗೆ ಇನ್ನೊಂದು ಮೊರ ಸರಿಸಿದರು.

“ಕೂತುಕೋ. ಕಲ್ಲು ಆರಿಸುತ್ತ ಕೇಳು. ಕೈಗೆ ಕೆಲಸವಿಲ್ಲದಿದ್ದರೆ ನಿನಗೆ ನಿದ್ದೆ ಬರುತ್ತದೆ, ಎಂಟು ತಿಂಗಳಿನಿಂದ ನೋಡುತ್ತಿದ್ದೇನೆ,” ಎಂದು ಕತೆ ತೆಗೆದರು.

ಒಂದು ಹೊಳೆಗೆ ಎರಡು ಕಡವು ಇದ್ದವು. ಜನರನ್ನು ಹರಿಗೋಲಿನಲ್ಲಿ ದಾಟಿಸುವ ಜಾಗಗಳು. ಮೇಲಿನ ಕಡವಿನಲ್ಲಿ ಒಬ್ಬ ಅಂಬಿಗ, ಕೆಳಗಿನ ಕಡವಿನಲ್ಲಿ ಒಬ್ಬ ಅಂಬಿಗ. ನಡುವೆ ಒಂದು ಗುಡ್ಡ. ಹೊಳೆ ಆ ಗುಡ್ಡವನ್ನು ಸುತ್ತಿ ಹರಿಯುತ್ತಿತ್ತು, ಆದ್ದರಿಂದ ಕೆಳಗಿನವನಿಗೆ ಮೇಲಿನ ನೀರು ಕಾಣುತ್ತಿರಲಿಲ್ಲ.

ಆ ಹೊಳೆಯ ಬುದ್ಧಿ ಒಳ್ಳೆಯದಲ್ಲ. ಎಲ್ಲೋ ದೂರದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿರುವಾಗಲೇ ನೀರು ನುಗ್ಗಿ ಬರುತ್ತಿತ್ತು. ಮೊದಲು ಸ್ವಲ್ಪ ಕೆಂಪಾಗುತ್ತದೆ, ನೊರೆಯ ಜೊತೆ ಎಲೆ ಕಡ್ಡಿ ತೇಲಿ ಬರುತ್ತವೆ, ಆಮೇಲೆ ಒಮ್ಮೆಗೇ ಬಂದುಬಿಡುತ್ತದೆ. ಆಗ ಮೇಲಿನ ಅಂಬಿಗ ಬಂಡೆ ಹತ್ತಿ ನಿಂತು ಒಂದು ಕೂಗು ಹಾಕಬೇಕು. ಉದ್ದನೆಯ ಒಂದೇ ಕೂಗು. ಅದು ಎದುರಿನ ಗುಡ್ಡಕ್ಕೆ ಬಡಿದು ಕೆಳಗಿನ ಕಡವಿಗೆ ಇಳಿಯುತ್ತಿತ್ತು. ಕೇಳಿದ ಕೂಡಲೇ ಕೆಳಗಿನವನು ಹರಿಗೋಲನ್ನು ದಡಕ್ಕೆ ಎಳೆದು ಮಗುಚಿ ಹಾಕುತ್ತಿದ್ದ. ಅವರ ಅಜ್ಜಂದಿರ ಕಾಲದಿಂದ ಇಷ್ಟೇ ಏರ್ಪಾಡು. ಆ ಕೂಗು ಎಲ್ಲರ ಗಂಟಲಿಗೆ ಬರುವಂಥದಲ್ಲ. ಮೇಲಿನವನು ಅದನ್ನು ಅಪ್ಪನಿಂದ ಕಲಿತಿದ್ದ, ಕಲಿಯಲು ನಾಲ್ಕು ಮಳೆಗಾಲ ಹಿಡಿದಿತ್ತು.

ಇಬ್ಬರೂ ವರ್ಷಕ್ಕೊಮ್ಮೆ ಹೊಳೆಪೂಜೆಯಲ್ಲಿ ಭೇಟಿಯಾಗುತ್ತಿದ್ದರು, ಜೊತೆಗೆ ಉಂಡು ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ಅಷ್ಟು ಬಿಟ್ಟರೆ ಅವರ ನಡುವೆ ಇದ್ದದ್ದು ಆ ಕೂಗು ಮಾತ್ರ.

ಮೇಲಿನ ಅಂಬಿಗನಿಗೆ ಒಬ್ಬಳೇ ಮಗಳು, ಏಳು ವರ್ಷದವಳು. ಒಂದು ಜ್ವರ ಬಂದು ಹೋದ ಮೇಲೆ ಅವಳ ಕಾಲಿನಲ್ಲಿ ಬಲ ಉಳಿಯಲಿಲ್ಲ. ಎರಡು ವರ್ಷ ಹಾಸಿಗೆಯಲ್ಲಿ ಇದ್ದಳು. ಔಷಧಿ ಮಾಡಿಸಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಕೊನೆಗೆ ಅಂಬಿಗ ಮನೆದೇವರ ಮುಂದೆ ಹರಕೆ ಹೊತ್ತ. ನಲವತ್ತೆಂಟು ದಿನ ಬಾಯಿ ತೆರೆಯುವುದಿಲ್ಲ, ಒಂದು ಸದ್ದೂ ಮಾಡುವುದಿಲ್ಲ, ನನ್ನ ಮಗಳು ನಡೆಯುವಂತೆ ಮಾಡು. ಅವನಿಗೆ ಕೊಡಲು ಗಂಟಲಿಗಿಂತ ದೊಡ್ಡದು ಬೇರೆ ಏನೂ ಇರಲಿಲ್ಲ, ಅದನ್ನೇ ಕೊಟ್ಟ.

ಕೆಳಗಿನ ಕಡವಿಗೆ ಒಂದು ಮಾತು ಮುಟ್ಟಿಸಬೇಕೆಂದು ಅವನಿಗೆ ಹೊಳೆಯಲಿಲ್ಲ ಎಂದುಕೊಳ್ಳಬೇಡ. ಹೊಳೆದಿತ್ತು. ಆದರೆ ಹರಕೆಯನ್ನು ಹೇಳಿಕೊಂಡರೆ ಫಲ ಹೋಗುತ್ತದೆ ಎಂದು ಅವರಲ್ಲಿ ನಂಬಿಕೆ. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ಮುಗಿದುಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವನ ಲೆಕ್ಕ ಸರಿಯಾಗಿಯೇ ಇತ್ತು. ನಾವು ನಮಗೆ ಬೇಕಾದ ಲೆಕ್ಕವನ್ನು ತಪ್ಪಾಗಿ ಮಾಡುವುದು ಕಡಿಮೆ, ಮುರಿಗೆಪ್ಪ.

ಮೊದಲಿನಿಂದಲೂ ಕಡಿಮೆ ಮಾತಿನ ಮನುಷ್ಯ, ಹಾಗಾಗಿ ದಾಟುವ ಜನ ಅಷ್ಟಾಗಿ ಗಮನಿಸಲಿಲ್ಲ. ಹೆಂಡತಿ ಎರಡು ದಿನದಲ್ಲಿ ಅರ್ಥ ಮಾಡಿಕೊಂಡಳು. ಅವಳೂ ಯಾರ ಮುಂದೆಯೂ ಆಡಲಿಲ್ಲ.

ಮೂವತ್ತನೆಯ ದಿನ ಮಗಳು ಗೋಡೆಗೆ ಒರಗಿ ಕೂತಳು. ಮೂವತ್ತೆಂಟನೆಯ ದಿನ ಗೋಡೆ ಹಿಡಿದು ನಿಂತಳು. ತಾಯಿ ಅತ್ತಳು. ತಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತ, ಸದ್ದು ಹೊರಗೆ ಬರಬಾರದೆಂದು.

ನಲವತ್ತೊಂದನೆಯ ದಿನ ಹೊತ್ತು ಏರುವಾಗ ಹೊಳೆ ಕೆಂಪಾಯಿತು.

ಅವನು ಬಂಡೆ ಹತ್ತಿದ. ನೊರೆ ಕಂಡಿತು, ನೊರೆಯ ಹಿಂದೆ ಎಲೆ ಕಡ್ಡಿ ಕಂಡವು. ಆ ದಿನ ಎದುರು ದಡದ ಊರಿನಲ್ಲಿ ಸಂತೆ. ಕೆಳಗಿನ ಕಡವಿನಲ್ಲಿ ಜನ ಇರುತ್ತಾರೆಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದರೆ ಮಗಳು ಮತ್ತೆ ಹಾಸಿಗೆ ಹಿಡಿಯುತ್ತಾಳೆ, ಇದೂ ಅವನಿಗೆ ಗೊತ್ತಿತ್ತು. ಗೊತ್ತಿತ್ತು ಎನ್ನುತ್ತೇನೆ, ಯಾಕೆಂದರೆ ನಂಬಿದವನಿಗೆ ನಂಬಿಕೆಯೂ ಗೊತ್ತಿರುವ ಸಂಗತಿಯೇ.

ಹೆಂಡತಿ ಓಡಿ ಬಂದಳು. ಹೊಳೆ ನೋಡಿದಳು, ಗಂಡನ ಮುಚ್ಚಿದ ಬಾಯಿ ನೋಡಿದಳು.

“ಕೂಗ್ರಿ,” ಎಂದಳು. “ಮಗಳ ಕಾಲು ಹೋದ್ರ ಹೋಗ್ಲಿ. ನಾ ಹೊತ್ತು ತಿರಗತೀನಿ. ಕೂಗ್ರಿ.”

ಅವನು ಕೂಗಲಿಲ್ಲ.

ಅವಳೇ ಕೂಗಿದಳು. ಆ ಕೂಗು ಗುಡ್ಡದ ಬುಡವನ್ನೂ ಮುಟ್ಟಲಿಲ್ಲ. ಅವನು ಒಂದು ಹಿತ್ತಾಳೆಯ ಕೊಡ ಎತ್ತಿಕೊಂಡು ಕಲ್ಲಿನಿಂದ ಬಡಿದ. ಕೆಳಗಿನ ಕಡವಿನ ಹತ್ತಿರ ಅಗಸರು ಬಟ್ಟೆ ಒಗೆಯುತ್ತಿದ್ದರು, ಕಲ್ಲಿನ ಸದ್ದು ಅಲ್ಲಿ ದಿನಾ ಇರುತ್ತಿತ್ತು, ಅದರಲ್ಲಿ ಇದೂ ಒಂದಾಯಿತು. ಆಮೇಲೆ ಅವನು ಕೊಡ ಬಿಸಾಡಿ ಗುಡ್ಡ ಹತ್ತಿ ಓಡಿದ. ಗಂಜಿ ಬೇಯುವಷ್ಟು ಹೊತ್ತಿನ ದಾರಿ. ನೀರಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

ಅವನು ಇಳಿದು ಬಂದಾಗ ದಡದಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಹರಿಗೋಲಿನಲ್ಲಿ ಜಾಗ ಸಾಲದೆ ಅವಳನ್ನು ಮುಂದಿನ ಸರದಿಗೆ ಬಿಟ್ಟು ಹೋಗಿದ್ದರು. ಅವಳು ಹೇಳಿದಳು. ಹತ್ತುವಾಗ ಸೊಪ್ಪಿನವಳೊಬ್ಬಳು ನೀರಿನ ಬಣ್ಣ ನೋಡಿ ಹಿಂಜರಿದಳಂತೆ. ಅದಕ್ಕೆ ಕೆಳಗಿನ ಅಂಬಿಗ ನಕ್ಕನಂತೆ.

“ಮ್ಯಾಲಿನಾಂವ ಕೂಗಿಲ್ಲ,” ಎಂದನಂತೆ. “ಅಂವ ಕೂಗಿಲ್ಲಂದ್ರ ಹೊಳಿ ಸುಮ್ಮನೈತಿ. ಹತ್ತ್ರಿ.”

ಹತ್ತಿದವರು ನಾಲ್ವರು, ಅಂಬಿಗನೂ ಸೇರಿ ಐದು ಜನ. ಮೂರು ದೇಹ ಸಿಕ್ಕವು.

ಇಲ್ಲಿ ಗುರುಗಳು ಸ್ವಲ್ಪ ಹೊತ್ತು ಜೋಳ ಕೇರಿದರು. ಮುರಿಗೆಪ್ಪನ ಕೈ ಮೊರದಲ್ಲೇ ನಿಂತುಬಿಟ್ಟಿತ್ತು. ಅದನ್ನು ನೋಡಿ ಅವರು, ನಿನ್ನ ಮೊರದಲ್ಲಿ ಕಲ್ಲು ಇನ್ನೂ ಹಾಗೇ ಇವೆ ಎಂದರು. ಆಮೇಲೆ ಮುಂದುವರಿಸಿದರು.

ಮೇಲಿನವನು ಆ ಮಾತು ಕೇಳಿ ದಡದಲ್ಲಿ ನಿಂತ. ತನ್ನ ಮೌನ ದೇವರಿಗೂ ತನಗೂ ನಡುವಿನದು ಎಂದು ಅವನು ತಿಳಿದಿದ್ದ. ಗುಡ್ಡದ ಈಚೆ ಅದೇ ಮೌನ ಒಂದು ಮಾತಾಗಿ ಕೇಳಿಸಿತ್ತು, ನೀರು ಸರಿಯಾಗಿದೆ, ಬನ್ನಿ, ದಾಟಿ ಎಂದು. ಅವನ ಬಾಯಿಂದ ಬಂದ ಯಾವ ಮಾತನ್ನೂ ಜನ ಅಷ್ಟು ನಂಬಿರಲಿಲ್ಲ.

ಅವನಿಗೆ ಗೋಳಾಡಬೇಕೆನಿಸಿತು. ಗೋಳಾಡಲಿಲ್ಲ, ಇನ್ನೂ ಏಳು ದಿನ ಬಾಕಿ ಇತ್ತು. ಐದು ಜೀವ ಹೋದ ಮೇಲೆ ಈಗ ವ್ರತ ಮುರಿದರೆ ಆ ಜೀವಗಳೂ ದಂಡವಾಗುತ್ತವೆ ಎಂದು ಅವನಿಗೆ ಅನ್ನಿಸಿತು. ಮನುಷ್ಯ ಒಮ್ಮೆ ಹಾಗೆ ಯೋಚಿಸಲು ಶುರು ಮಾಡಿದರೆ ಅವನನ್ನು ನಿಲ್ಲಿಸುವುದು ಕಷ್ಟ. ಅವನು ಆ ಏಳು ದಿನವನ್ನೂ ಮುಗಿಸಿದ. ಮೂರು ಹೆಣಗಳನ್ನು ಮಣ್ಣು ಮಾಡುವಾಗ ಜೊತೆಗೆ ನಿಂತು ಮಣ್ಣು ಹಾಕಿದ, ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ.

ನಲವತ್ತೆಂಟನೆಯ ದಿನ ಮಗಳು ಮನೆಯಿಂದ ಹೊಳೆಯ ದಡದವರೆಗೆ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದಳು.

“ಹಾಗಾದರೆ,” ಎಂದು ಮುರಿಗೆಪ್ಪ ತಡೆದ, “ದೇವರು ಅವನ ವ್ರತವನ್ನು ಒಪ್ಪಿದನೆಂದು ಆಯಿತಲ್ಲ ಗುರುಗಳೇ?”

“ಮಗು ನಡೆಯಿತು ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರು ಬೇಕಾದರೆ ಬೇರೆ ಮಠ ನೋಡಿಕೋ,” ಎಂದರು ಗುರುಗಳು.

ಸುದ್ದಿ ಎರಡೂ ದಡಕ್ಕೆ ಹೋಯಿತು. ಜನ ಬಂದರು. ಮಗು ನಡೆಯುವುದನ್ನು ನೋಡಿದರು. ಹರಕೆಯ ಮಾತೂ ಹೊರಬಿತ್ತು, ಆಗ ಅವರಿಗೆ ಕೂಗು ಯಾಕೆ ಬರಲಿಲ್ಲ ಎಂಬುದು ತಿಳಿಯಿತು. ಹೊಡೆಯಬಹುದಿತ್ತು, ಮನೆಗೆ ಬೆಂಕಿ ಇಡಬಹುದಿತ್ತು. ಹಾಗೆ ಮಾಡಿದ್ದರೆ ಅವನಿಗೆ ಒಳ್ಳೆಯದೇ ಆಗುತ್ತಿತ್ತು. ಯಾರೂ ಏನೂ ಮಾಡಲಿಲ್ಲ. ಕೆಳಗಿನ ಅಂಬಿಗನ ಹೆಂಡತಿಯೂ ಬಂದಳು. ಅವಳು ಮಗುವಿನ ಮುಖ ನೋಡಲಿಲ್ಲ, ಬಹಳ ಹೊತ್ತು ಕಾಲನ್ನೇ ನೋಡಿದಳು.

“ನಡೀಲಿ ಬಿಡ್ರಿ,” ಎಂದಳು. “ಕೂಸಿಂದೇನ್ ತಪ್ಪೈತಿ.”

ಇಷ್ಟು ಹೇಳಿ ಹೋದಳು. ಏಳು ವರ್ಷದ ಮಗುವಿಗೆ ಆ ಮಾತಿನ ಪೂರ್ತಿ ಅರ್ಥ ಆಗಲಿಲ್ಲ, ಆದರೆ ಅದು ಮರೆತುಹೋಗಲೂ ಇಲ್ಲ. ಬೆಳೆಯುತ್ತ ಬೆಳೆಯುತ್ತ ಅರ್ಥವಾಯಿತು.

ಮುಂದಿನ ಮಳೆಗಾಲದಲ್ಲಿ ಅಂಬಿಗ ಬಂಡೆ ಹತ್ತಿ ಕೂಗಿದ. ಗಂಟಲು ಮೊದಲಿನ ಹಾಗೇ ಇತ್ತು. ಕೆಳಗೆ ಹರಿಗೋಲು ಎಳೆದುಕೊಳ್ಳುವವರು ಯಾರೂ ಇರಲಿಲ್ಲ. ಹೊಸಬರು ಯಾರೂ ಆ ಕಡವಿಗೆ ಬರಲು ಒಪ್ಪಲಿಲ್ಲ. ಕೂಗು ಬಂದರೆ ನೀರು ಬರುತ್ತದೆ ಎಂದು ನಂಬಬಹುದು, ಕೂಗು ಬಾರದಿದ್ದರೆ ಏನೆಂದು ತಿಳಿಯುವುದು? ಕೆಳಗಿನ ಕಡವು ಮುಚ್ಚಿತು. ಮೇಲಿನವನ ಹರಿಗೋಲಿಗೂ ಜನ ಬರುವುದನ್ನು ಬಿಟ್ಟರು. ಈಚೆ ದಡದಿಂದ ಆಚೆ ದಡಕ್ಕೆ ಮದುವೆಯಾಗಿ ಹೋಗಿದ್ದ ಹೆಣ್ಣುಮಕ್ಕಳು ಬಹಳ ಇದ್ದರು. ಅರ್ಧ ಹೊತ್ತಿನ ತವರು ಅವರಿಗೆ ಸುತ್ತಿಬಳಸಿ ಮೂರು ದಿನದ ದಾರಿಯಾಯಿತು. ಕೆಲವರು ತಾಯಿ ಸತ್ತ ಸುದ್ದಿಯನ್ನು ಮಣ್ಣಾದ ಮೇಲೆ ಕೇಳಿದರು. ಅವರಲ್ಲಿ ಯಾರೂ ಆ ಅಂಬಿಗನ ಮುಖ ಕಂಡವರಲ್ಲ, ಅವನ ಹರಕೆ ಯಾವ ದೇವರಿಗೆ ಎಂದು ಬಲ್ಲವರಲ್ಲ.

ಮಗಳು ಬೆಳೆದಳು. ಹೊಲಕ್ಕೆ ನಡೆದಳು, ಗುಡ್ಡ ಹತ್ತಿದಳು, ನೀರು ಹೊತ್ತಳು. ಗುಡ್ಡದ ಆಚೆ ಕೆಳಗಿನ ಕಡವಿಗೆ ಇಳಿಯುವ ದಾರಿಯಲ್ಲಿ ಮಾತ್ರ ಅವಳು ಬದುಕಿರುವವರೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ತಂದೆ ಒಮ್ಮೆ ಕಾರಣ ಕೇಳಿದ. ಕಾಲು ಬರುವುದಿಲ್ಲ ಅಪ್ಪಾ ಎಂದಳು.

ಕತೆ ಮುಗಿಯಿತು. ಗುರುಗಳು ಆರಿಸಿದ ಕಲ್ಲುಗಳನ್ನು ಅಂಗಳಕ್ಕೆ ಎಸೆದರು.

ಮುರಿಗೆಪ್ಪ ತನ್ನ ಮೊರದಲ್ಲಿ ಉಳಿದ ಕಲ್ಲುಗಳನ್ನು ಆರಿಸತೊಡಗಿದ. ಅವನಿಗೆ ಕೆಳಗಿನ ಅಂಬಿಗನ ಬಗ್ಗೆ ದುಃಖವಾಗಿತ್ತು, ಆ ಹುಡುಗಿಯ ಬಗ್ಗೆ ಇನ್ನೂ ಹೆಚ್ಚು. ಆದರೂ ಒಳಗೆ ಒಂದು ಸಮಾಧಾನ ಉಳಿದಿತ್ತು, ಅದನ್ನು ಬಿಡಲು ಮನಸ್ಸಿರಲಿಲ್ಲ.

“ಗುರುಗಳೇ, ಅವನು ಅಂಬಿಗ,” ಎಂದ. “ಕೂಗುವುದು ಅವನ ಕೆಲಸ, ಅವನ ಕೂಗಿಗೆ ಕಿವಿಗೊಟ್ಟು ಇನ್ನೊಬ್ಬ ಕಾದಿದ್ದ. ನನಗೆ ಯಾವ ಹೊಳೆಯೂ ಇಲ್ಲ, ಕಡವೂ ಇಲ್ಲ. ನಾನು ಇಲ್ಲಿ ಒಬ್ಬನೇ ಸುಮ್ಮನಿದ್ದೇನೆ. ನನ್ನ ಸುಮ್ಮನಿರುವಿಕೆ ಯಾರಿಗೆ ಕೇಳಿಸುತ್ತದೆ?”

ಗುರುಗಳು ಮೊದಲ ಸಲ ತಲೆ ಎತ್ತಿ, ಅವನನ್ನಲ್ಲ, ಅವನ ಹಿಂದಿದ್ದ ಹೊಸ್ತಿಲನ್ನು ನೋಡಿದರು.

“ಅಣ್ಣ ಬರುವುದಿಲ್ಲ ಎನ್ನಲಿಲ್ಲ ಎಂದು ಗಂಡನ ಬಾಯಿಂದ ಕೇಳಿ, ನಿನ್ನ ತಂಗಿ ತವರಿಗೆ ಹೊರಡಲು ಬಟ್ಟೆಗಂಟು ಕಟ್ಟಿಕೊಳ್ಳುತ್ತಾಳೆ.”