ಮೊದಲ ಬೋರ್ಡು ಯಾರ ಮನೆಗೆ?

ತುಮಕೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಗೀಸರಿನ ಬೋರ್ಡು ಮಾಡುತ್ತಿದ್ದರು. ನೀರು ಕಾದ ಕೂಡಲೇ ಕರೆಂಟು ನಿಲ್ಲಿಸುವುದು ಅದರ ಕೆಲಸ. ಅದಕ್ಕೆ ಪ್ರೋಗ್ರಾಮ್ ಬರೆಯುವವಳು ಒಬ್ಬಳೇ, ಡಿಪ್ಲೊಮಾ ಓದಿದ ಹೆಂಗಸು.

ಒಂದು ದಿನ ಯಜಮಾನ ನಂಜುಂಡಾರಾಧ್ಯರು ಬೋರ್ಡಿಗೆ ಹಾಕುವ ಹೊಸ ಜಾತಿಯ ಚಿಪ್‌ಗಳನ್ನು ತಂದು ಅವಳ ಮೇಜಿನ ಮೇಲೆ ಸುರಿದರು. "ಸೋಮವಾರ ಗಿರಾಕಿಗೆ ಮುನ್ನೂರು ಬೋರ್ಡು ಹೋಗ್ಬೇಕು."

"ಸಾರ್, ಪ್ರೋಗ್ರಾಮನ್ನ ಚಿಪ್‌ಗೆ ಅರ್ಥ ಮಾಡಿಸೋ ಕಂಪೈಲರ್‌ಗೆ ಇದರ ಪರಿಚಯವೇ ಇಲ್ಲ. ನೀರಿನ ಬಿಸಿ ಅಳೆಯೋ ಸಿದ್ಧ ಪ್ರೋಗ್ರಾಮು, ಲೈಬ್ರರಿ ಅಂತಾರಲ್ಲ, ಅದು ಬರೋಕೂ ಇನ್ನೊಂದು ತಿಂಗಳು ಬೇಕಂತೆ."

"ಹಳೇ ಚಿಪ್‌ನ ಹೆಸರು ಕೊಟ್ಟುಬಿಡಮ್ಮ, ಕಂಪೈಲರ್‌ಗೇನು ಕಣ್ಣಿದೆಯಾ? ಇಪ್ಪತ್ತು ವರ್ಷದಿಂದ ಇದೇ ಕಸುಬು ನಂದು. ನನಗೇ ಪಾಠ ಹೇಳ್ತೀಯಾ?"

ಅವಳು ಹಾಗೇ ಮಾಡಿದಳು. ಬೋರ್ಡಿನ ದೀಪ ಹತ್ತಿತು. ಯಜಮಾನರು ಮೀಸೆ ತಿರುವಿದರು. "ನೋಡು!"

ಹೊಸ ಮಾಲಿನ ಮೊದಲ ಬೋರ್ಡಿಗೆ ಕುಂಕುಮವಿಟ್ಟು ಯಜಮಾನರ ಮನೆಯ ಗೀಸರಿಗೇ ಹಾಕುವುದು ಅಲ್ಲಿನ ಪದ್ಧತಿ. ಅವಳು ಕುಂಕುಮವಿಟ್ಟಳು. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

"ಹಾಕಿ ಬರ್ತೀನಿ ಸಾರ್. ದೀಪವಂತೂ ಹತ್ತಿದೆ. ಕರೆಂಟು ನಿಲ್ಲುತ್ತೋ ಇಲ್ವೋ, ಬೆಳಗ್ಗೆ ನಿಮ್ಮ ತಾಯಿಯವರು ಸ್ನಾನಕ್ಕೆ ಹೋದಾಗ ಗೊತ್ತಾಗುತ್ತೆ."

ಯಜಮಾನರ ಕೈ ಮೀಸೆಯ ಮೇಲೇ ನಿಂತಿತು. "ನಮ್ಮನೆಗೆ ಬೇಡ."

"ಆಗ್ಲಿ ಸಾರ್." ಅವಳು ಪೆನ್ನು ಮುಂದೆ ಚಾಚಿದಳು. "ಯಾರ ಮನೆಗೆ ಹಾಕ್ಲಿ, ವಿಳಾಸ ಬರ್ಕೊಡಿ."

ಅವರು ಪೆನ್ನು ತೆಗೆದುಕೊಂಡರು. ಆಮೇಲೆ ಅದನ್ನು ಕೆಳಗಿಟ್ಟು, ಒಂದು ತಿಂಗಳು ಸಮಯ ಕೇಳಲು ಗಿರಾಕಿಗೆ ಫೋನು ಮಾಡಿದರು.