ದೇಮವ್ವನ ಕಾಲು ನೆಲ ಬಿಟ್ಟ ಕತೆ

ಒಂದಾನೊಂದು ಊರಿನಲ್ಲಿ ದೇಮವ್ವ ಅಂತ ಒಬ್ಬಳಿದ್ದಳು. ಊರು ಯಾವುದು ಅಂತ ಕೇಳಬೇಡಿ, ಕೇಳಿದರೆ ಕತೆ ಓಡಿಹೋಗುತ್ತದೆ. ದೇಮವ್ವ ಕಡ್ಡಿಯ ಹಾಗಿದ್ದಳು. ಗಂಡ ಗುರುಪಾದಪ್ಪ ಗಡಿಗೆಯ ಹಾಗಿದ್ದ. ಒಂದೇ ಒಲೆ, ಒಂದೇ ರೊಟ್ಟಿ ಬುಟ್ಟಿ. ಆದರೂ ಅವಳು ಕಡ್ಡಿ, ಅವನು ಗಡಿಗೆ. ಹಾಗೇ ಸುಖವಾಗಿದ್ದರು.

ಅವರ ಮನೆಯ ಪಕ್ಕದಲ್ಲೇ ಗುಡಿ. ಒಂದು ದಿನ ಊರಿನ ದೊರೆ ಅಲ್ಲಿ ಬೆಲ್ಲದ ತುಲಾಭಾರಕ್ಕೆ ಕೂತ. ಬೆಲ್ಲ ಹೆಚ್ಚಾಯಿತು. ದೊರೆಯ ತಟ್ಟೆ ಸರ್ರನೆ ಮೇಲೆದ್ದಿತು.

"ಏ ತಕ್ಕಡಿ, ನನ್ನ ಎಲ್ಲಿಗೆ ಒಯ್ಯಾಕತ್ತಿ?" ಎಂದು ದೊರೆ ಚೀರಿದ.

"ಹಗುರ ಇದ್ದವರು ಮ್ಯಾಲ ಹೋಗೂದು ನಮ್ಮ ಪದ್ಧತಿರೀ," ಎಂದಿತು ತಕ್ಕಡಿ.

"ಮತ್ತ ಸ್ವರ್ಗ ಎಲ್ಲಿ ಐತಿ?"

"ಅದೂ ಮ್ಯಾಲನ ಐತ್ರೀ."

ಸಾವೆಂದರೆ ನಡುಗುವ ದೊರೆಗೆ ಬೆವರು ಕಿತ್ತುಬಂತು. ಸಂಜೆಗೇ ಡಂಗುರ: "ಕೇಳ್ರಪ್ಪೋ ಕೇಳ್ರಿ! ದಪ್ಪ ಇದ್ದವರಿಗೆ ಆಯುಷ್ಯ ಭಾಳ! ತೆಳ್ಳಗಿದ್ದವರು ಮ್ಯಾಲ ಹೊಂಟ್ರಿ!"

ದೊರೆಯ ಮಾತು ಸುಳ್ಳಾಗಬಾರದಲ್ಲ. ಮರುದಿನವೇ ದೇಮವ್ವನ ಹಿಮ್ಮಡಿ ನೆಲ ಬಿಟ್ಟಿತು. ಗುರುಪಾದಪ್ಪ ಹೆದರಿ ಗೋಧಿ ಹುಗ್ಗಿ ಮಾಡಿದ, ಹೋಳಿಗೆ ಬೇಯಿಸಿದ, ಮೇಲೆ ತುಪ್ಪ ಸುರಿದ. ಅವಳು ಆದಷ್ಟು ತಿಂದಳು. ಉಳಿದದ್ದನ್ನು ಚಿಂತೆಯಲ್ಲಿ ಅವನು ತಿಂದ. ಚಿಂತೆಯೂ ದೊಡ್ಡದು, ಉಳಿದದ್ದೂ ದೊಡ್ಡದು. ಅವಳು ತೇಲಿ ಚಾವಣಿಯ ಜಂತಿ ಮುಟ್ಟಿದಳು, ಅವನು ಮೊಣಕಾಲ ತನಕ ನೆಲದಲ್ಲಿ ಹೂತ.

ಊರಿಗೆಲ್ಲ ಅದೇ ಗತಿ. ತಿಂದವರೆಲ್ಲ ಹೂತರು. ದೊರೆ ಸೊಂಟದ ತನಕ ಹೂತ.

"ಭಾರ ಇದ್ದವರು ಕೆಳಗ ಹೋಗೂದೂ ನಮ್ಮ ಪದ್ಧತಿನರೀ," ಎಂದಿತು ತಕ್ಕಡಿ.

ಮತ್ತೆ ಡಂಗುರ: "ಉಪವಾಸ ಇದ್ದವರಿಗೆ ಆಯುಷ್ಯ ಭಾಳ!" ಉಪವಾಸ ಇದ್ದವರು ತೇಲಿದರು. ಬೆಳಿಗ್ಗೆ ತಿನ್ನಿ ಅಂತ ಅಪ್ಪಣೆ, ಸಂಜೆ ಬಿಡಿ ಅಂತ ಅಪ್ಪಣೆ. ಊರಿಗೆ ಊರೇ ಮೇಲೆ ಕೆಳಗೆ, ಮೇಲೆ ಕೆಳಗೆ.

ದೇಮವ್ವ ಮಾತ್ರ ಮೇಲೆ, ಮೇಲೆ. ಚಾವಣಿಯ ಬೆಳಕಿಂಡಿಯಿಂದ ಹೊರಬಿದ್ದು ಅದರ ಅಂಚು ಹಿಡಿದು ನೇತಾಡಿದಳು. ಸ್ವರ್ಗದ ಹೆದರಿಕೆ ಅವಳಿಗಿರಲಿಲ್ಲ. ಆದರೆ ಎದೆಮಟ್ಟ ಹೂತ ಗಂಡನನ್ನು ಬಿಟ್ಟು ಹೋಗುವುದು ಹೇಗೆ?

"ಕೈ ಬಿಡಬ್ಯಾಡ ದೇಮಿ!" ಎಂದು ಗುರುಪಾದಪ್ಪ ಕೆಳಗಿನಿಂದ ಕೂಗಿದ.

"ಕೈ ಸೋತಾವ್ರೀ!" ಎಂದು ಅತ್ತಳು ದೇಮವ್ವ. ಗುಡಿಯ ಕಡೆ ತಿರುಗಿ ಕೂಗಿದಳು: "ಏ ತಕ್ಕಡಿ, ನಿನ್ನ ತಟ್ಟಿ ಒಂದು ಮ್ಯಾಲ, ಒಂದು ಕೆಳಗ. ಆದರೂ ಓಡಿಹೋಗದಂಗ ಹೆಂಗ ಇಟ್ಕೊಂಡಿ?"

"ಎರಡನ್ನೂ ಒಂದಕ್ಕೊಂದು ಕಟ್ಯಾರಲ್ಲ ತಂಗಿ!"

ದೇಮವ್ವನಿಗೆ ಮದುವೆ ನೆನಪಾಯಿತು. ಅವಳ ಸೆರಗಿಗೆ ಅವನ ಶಲ್ಯ ಸೇರಿಸಿ ಗಂಟು ಹಾಕಿದ್ದರು. ಮದುವೆ ಮುಗಿದ ಮೇಲೆ ಬಿಚ್ಚಿದ್ದರು. ಆ ಊರಲ್ಲಿ ಎಲ್ಲರ ಗಂಟೂ ಬಿಚ್ಚುತ್ತಾರೆ.

"ತಪ್ಪು ಅಲ್ಲೇ ಆಗೇತಿ! ಶಲ್ಯಕ್ಕ ಕಟ್ರೀ!" ಎಂದವಳೇ ಸೆರಗನ್ನು ಬೆಳಕಿಂಡಿಯಿಂದ ಕೆಳಗೆ ಬಿಟ್ಟಳು.

ಅವನು ಕಟ್ಟಿದ. ಪುಳಕ್ಕನೆ ಅವನು ಮೇಲೆ ಬಂದ, ಮೆಲ್ಲಗೆ ಅವಳು ಕೆಳಗಿಳಿದಳು. ನಾಲ್ಕೂ ಪಾದ ನೆಲದ ಮೇಲೆ. ಇಬ್ಬರೂ ಬಿದ್ದು ಬಿದ್ದು ನಕ್ಕರು, ಒಂದಿಷ್ಟು ಅತ್ತರು ಕೂಡ.

ನೋಡಿದ ಊರವರು ಸುಮ್ಮನಿರುತ್ತಾರೆಯೇ? ಅತ್ತೆಗೆ ಸೊಸೆಯನ್ನು ಕಟ್ಟಿದರು, ಪೈಲ್ವಾನನಿಗೆ ಜೋಯಿಸರನ್ನು ಕಟ್ಟಿದರು. ದೊರೆಗೆ ಯಾರು? ರಾಣಿಯೂ ದೊರೆಯಷ್ಟೇ ಆಳದಲ್ಲಿದ್ದಳು. ಡಂಗುರದವನೊಬ್ಬ ಕೂಗಿ ಕೂಗಿ, ತಿನ್ನಲು ಪುರುಸೊತ್ತಿಲ್ಲದೆ ಗಾಳಿಪಟವಾಗಿದ್ದ. ಅವನನ್ನೇ ಕಟ್ಟಿದರು. ರಾಣಿಗೆ ಅವನ ಹೆಂಡತಿಯನ್ನು ಕಟ್ಟಿದರು. ದೊರೆ ಏನೇ ಅಂದರೂ ಡಂಗುರದವನು ಅದನ್ನು ದೊರೆಯ ಕಿವಿಯಲ್ಲೇ ಡಬಡಬ ಬಡಿಯತೊಡಗಿದ. ಆಮೇಲೆ ದೊರೆ ಯಾರಿಗೂ ಅಪ್ಪಣೆ ಕೊಡಲಿಲ್ಲ.

ಎಷ್ಟೋ ಕಾಲದ ಮೇಲೆ ದೇಮವ್ವನನ್ನು ಒಯ್ಯಲು ಯಮದೂತ ಬಂದ. ಕಡ್ಡಿ ಎತ್ತಿದರೆ ಗಡಿಗೆಯೂ ಬರುತ್ತದೆ! "ನನ್ನ ಕೋಣ ಇಬ್ಬರನ್ನ ಹೊರೂದಿಲ್ಲ ಯವ್ವಾ," ಎಂದ.

"ಹಂಗಾರ ದೊಡ್ಡ ಕೋಣ ತಗೊಂಡು ಬರ್ರಿ. ಅವಸರಿಲ್ಲ," ಎಂದಳು ದೇಮವ್ವ.

ಅವನು ಇನ್ನೂ ಹುಡುಕುತ್ತಲೇ ಇದ್ದಾನೆ.

ಇದರ ನೀತಿ ಏನಪ್ಪಾ ಅಂದರೆ, ತಕ್ಕಡಿ ಹತ್ತುವಾಗ ಒಬ್ಬರೇ ಹತ್ತಬೇಡಿ. ಕತೆ ಇಲ್ಲಿಗೆ ನೆಲ ಮುಟ್ಟಿತು. ನೀವು ನಿಮ್ಮ ನಿಮ್ಮ ಪಾದ ನೋಡಿಕೊಳ್ಳಿ.